ಬೆಲೆ ಕಪಾಟಿನಲ್ಲಿ ಹುಟ್ಟುವುದಿಲ್ಲ

(ಸಣ್ಣ ವ್ಯಾಪಾರಗಳು ಮತ್ತು ದೊಡ್ಡ ಕಂಪನಿಗಳ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಸಭಿಕರು ಕೇಳಿದ ಎರಡು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಒಂದು ಸಣ್ಣ ಅಂಗಡಿ ಬಾಗಿಲು ಹಾಕಿದಾಗ ನಾವು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಆಡುತ್ತೇವೆ. "ಪಾಪ, ಕಾಲಕ್ಕೆ ತಕ್ಕ ಹಾಗೆ ಬದಲಾಗಲಿಲ್ಲ" ಅನ್ನುತ್ತೇವೆ. ಇಲ್ಲಾಂದ್ರೆ "ಜನಕ್ಕೆ ಕಡಿಮೆ ಬೆಲೆ ಬೇಕು, ಏನು ಮಾಡೋಕಾಗುತ್ತೆ" ಅನ್ನುತ್ತೇವೆ. ಮೊದಲನೆಯದು ತಪ್ಪನ್ನು ವ್ಯಾಪಾರಿಯ ತಲೆಗೆ ಕಟ್ಟುತ್ತದೆ, ಎರಡನೆಯದು ಗಿರಾಕಿಯ ತಲೆಗೆ. ಈ ಎರಡು ಮಾತಿನಲ್ಲೂ ದೊಡ್ಡ ಕಂಪನಿಯ ಹೆಸರೇ ಬರುವುದಿಲ್ಲ. ಮಳೆ ಕೈಕೊಟ್ಟಿತು, ಬೆಳೆ ಹೋಯಿತು ಅನ್ನುವ ಹಾಗೆ ಮಾತಾಡಿ ಮುಂದೆ ಹೋಗುತ್ತೇವೆ.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಒಂದೇ ವಿಷಯ. ಸಣ್ಣ ವ್ಯಾಪಾರ ಸೋಲುವುದು ಹೆಚ್ಚಿನ ಸಲ ಗಿರಾಕಿಯ ಕಣ್ಣಿಗೆ ಬೀಳದ ಕಡೆ. ಸರಕು ಯಾರಿಗೆ ಎಷ್ಟಕ್ಕೆ ಸಿಗುತ್ತದೆ, ದುಡ್ಡು ಯಾವಾಗ ಕೈಗೆ ಬರುತ್ತದೆ, ಯಾರ ಸರಕು ಮೊದಲು ಕಾಣುತ್ತದೆ, ನಷ್ಟವನ್ನು ಯಾರು ಎಷ್ಟು ದಿನ ತಡೆದುಕೊಳ್ಳಬಲ್ಲರು, ಇವೇ ಅಲ್ಲಿ ತೀರ್ಮಾನ ಮಾಡುವ ವಿಷಯಗಳು. ಇವೆಲ್ಲ ಷರತ್ತುಗಳು. ಷರತ್ತುಗಳನ್ನು ಬರೆಯುವವರು ಮನುಷ್ಯರು. ಕೆಲವು ದೇಶಗಳು ಅವನ್ನು ಬೇರೆ ಥರ ಬರೆದಿವೆ. ಅಲ್ಲಿ ಫಲಿತಾಂಶವೂ ಬೇರೆ ಥರ ಬಂದಿದೆ.

ಇದಕ್ಕೆ ಯಾಕಿಷ್ಟು ತಲೆ ಕೆಡಿಸಿಕೊಳ್ಳಬೇಕು ಅಂತ ಯಾರಾದರೂ ಕೇಳಬಹುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ 99 ದೇಶಗಳ ಲೆಕ್ಕ ಹಾಕಿತ್ತು. ಕೆಲಸ ಮಾಡುವ ಪ್ರತಿ ಹತ್ತು ಜನರಲ್ಲಿ ಏಳು ಜನ ಸ್ವಂತ ದುಡಿಮೆಯವರು ಅಥವಾ ಸಣ್ಣ ಉದ್ದಿಮೆಗಳಲ್ಲಿ ಇರುವವರು. ಅಂದರೆ ಜಗತ್ತಿನ ಹೆಚ್ಚಿನ ಮನೆಗಳ ಒಲೆ ಉರಿಯುವುದು ಸಣ್ಣ ವ್ಯಾಪಾರದಿಂದ. ಅಂಗಡಿ ಮುಚ್ಚಿದರೆ ಬೋರ್ಡು ಮಾತ್ರ ಇಳಿಯುವುದಿಲ್ಲ. ಅಲ್ಲಿಗೆ ಸರಕು ಕೊಡುತ್ತಿದ್ದ ಸಗಟು ವ್ಯಾಪಾರಿ, ಲೆಕ್ಕ ಬರೆಯುತ್ತಿದ್ದವರು, ಸಾಗಿಸುತ್ತಿದ್ದವರು, ಸಣ್ಣ ತಯಾರಕರು, ಎಲ್ಲರಿಗೂ ಒಬ್ಬ ಗಿರಾಕಿ ಕಡಿಮೆಯಾಗುತ್ತಾನೆ.

ಒಂದು ಮಾತನ್ನು ಮೊದಲೇ ಒಪ್ಪಿಕೊಂಡು ಬಿಡೋಣ. ದೊಡ್ಡದಾಗಿರುವುದರಿಂದ ನಿಜವಾದ ಉಳಿತಾಯ ಇದೆ. ಒಂದು ಲಾರಿ ಅರ್ಧ ತುಂಬಿ ಹೋಗುವುದಕ್ಕೂ ಪೂರ್ತಿ ತುಂಬಿ ಹೋಗುವುದಕ್ಕೂ ಡೀಸೆಲ್ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಒಂದು ಸಾಫ್ಟ್‌ವೇರನ್ನು ಹತ್ತು ಅಂಗಡಿಗೆ ಬರೆಸಿದರೂ ಹತ್ತು ಸಾವಿರ ಅಂಗಡಿಗೆ ಬರೆಸಿದರೂ ಖರ್ಚು ಸಾವಿರ ಪಟ್ಟು ಏರುವುದಿಲ್ಲ. ಈ ಉಳಿತಾಯದಿಂದ ಬೆಲೆ ಇಳಿದರೆ ಸಂತೋಷ. ಕಡಿಮೆ ಆದಾಯದ ಮನೆಗೆ ಅದು ನಿಜವಾದ ಸಹಾಯ, ಅದನ್ನು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ. ನನ್ನ ತಕರಾರು ಇರುವುದು ಇನ್ನೊಂದು ಥರದ ಉಳಿತಾಯದ ಬಗ್ಗೆ. ಖರ್ಚು ಕಡಿಮೆಯಾಗಿರುವುದಿಲ್ಲ. ಬೇರೆಯವರ ಹೆಗಲಿಗೆ ಹೋಗಿರುತ್ತದೆ, ಅಷ್ಟೇ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಕಪಾಟಿನ ಮೇಲಿನ ಚೀಟಿಯಲ್ಲಿ ಬೆಲೆ ಕಡಿಮೆ ಇರುತ್ತದೆ.

ಇದನ್ನು ಮೊದಲು ಬಿಡಿಸಿ ನೋಡಿದ ಕಥೆ ಹೇಳುತ್ತೇನೆ, ಸುಮಾರು ತೊಂಬತ್ತು ವರ್ಷ ಹಳೆಯದು. ಅಮೆರಿಕದಲ್ಲಿ ಗ್ರೇಟ್ ಅಟ್ಲಾಂಟಿಕ್ ಅಂಡ್ ಪೆಸಿಫಿಕ್ ಟೀ ಕಂಪನಿ ಅಂತ ಇತ್ತು. ಜನ ಎ ಅಂಡ್ ಪಿ ಅನ್ನುತ್ತಿದ್ದರು. 1859ರಲ್ಲಿ ನ್ಯೂಯಾರ್ಕಿನಲ್ಲಿ ಚಹಾ ವ್ಯಾಪಾರವಾಗಿ ಶುರುವಾದದ್ದು, 1930ರ ಹೊತ್ತಿಗೆ ಹೆಚ್ಚುಕಡಿಮೆ 16,000 ಅಂಗಡಿಗಳ ಸರಣಿಯಾಗಿ ಬೆಳೆದಿತ್ತು. ಆ ಕಾಲದಲ್ಲಿ ಜಗತ್ತಿನಲ್ಲೇ ಅತಿ ದೊಡ್ಡ ಚಿಲ್ಲರೆ ವ್ಯಾಪಾರಿ. ಅದರ ಬೆಲೆ ಕಡಿಮೆ ಇತ್ತು, ಜನಕ್ಕೆ ಇಷ್ಟವೂ ಇತ್ತು.

ಅಮೆರಿಕದ ಸಂಸತ್ತು 1935ರಲ್ಲಿ ವಿಚಾರಣೆ ಶುರು ಮಾಡಿದಾಗ ಆ ಕಡಿಮೆ ಬೆಲೆಯ ಒಳಗಿನ ಲೆಕ್ಕ ಹೊರಬಂತು. ತಯಾರಕರು ಎ ಅಂಡ್ ಪಿಗೆ "ಜಾಹೀರಾತು ಭತ್ಯೆ" ಅಂತ ಕೊಡುತ್ತಿದ್ದರು. ಆ ದುಡ್ಡಿಗೂ ಜಾಹೀರಾತಿಗೂ ಎಷ್ಟೋ ಸಲ ಸಂಬಂಧವೇ ಇರುತ್ತಿರಲಿಲ್ಲ. ಇನ್ನೊಂದು, "ದಲ್ಲಾಳಿ ಕಮಿಷನ್". ದಲ್ಲಾಳಿ ಬೇರೆ ಯಾರೂ ಅಲ್ಲ, ಎ ಅಂಡ್ ಪಿಯದೇ ಖರೀದಿ ಕಚೇರಿ. ತಾನು ಕೊಳ್ಳುವುದಕ್ಕೆ ತಾನೇ ದಲ್ಲಾಳಿ ಆಗಿ ಮಾರುವವನಿಂದ ಕಮಿಷನ್ ಹಿಡಿದುಕೊಳ್ಳುವುದು. ಕೊಡುವುದಿಲ್ಲ ಅನ್ನಲು ತಯಾರಕನಿಗೆ ಧೈರ್ಯ ಎಲ್ಲಿಂದ ಬರಬೇಕು? ಅವನ ಉತ್ಪಾದನೆಯ ದೊಡ್ಡ ಪಾಲು ಹೋಗುತ್ತಿದ್ದುದೇ ಅಲ್ಲಿಗೆ.

ಇದರ ಫಲವಾಗಿ 1936ರಲ್ಲಿ ರಾಬಿನ್ಸನ್-ಪ್ಯಾಟ್ಮನ್ ಕಾಯ್ದೆ ಬಂತು. ಅದನ್ನು ತಂದ ಇಬ್ಬರ ಹೆಸರೇ ಅದಕ್ಕಿದೆ. ರಾಬಿನ್ಸನ್ ಅರ್ಕಾನ್ಸಾದ ಸೆನೆಟರ್, ಪ್ಯಾಟ್ಮನ್ ಟೆಕ್ಸಾಸಿನ ಸಂಸದ. ಕಾಯ್ದೆಯ ತಿರುಳು ಸರಳ. ಒಂದೇ ಸರಕನ್ನು ಪೈಪೋಟಿಯಲ್ಲಿರುವ ಇಬ್ಬರು ವ್ಯಾಪಾರಿಗಳಿಗೆ ಮಾರುವಾಗ, ಪೈಪೋಟಿಗೆ ಪೆಟ್ಟು ಬೀಳುವ ಹಾಗೆ ಬೇರೆ ಬೇರೆ ಬೆಲೆ ಹಾಕಬಾರದು. ದೊಡ್ಡ ಆರ್ಡರ್‌ನಿಂದ ನಿಜವಾಗಿಯೂ ಖರ್ಚು ಉಳಿದಿದ್ದರೆ ಅಷ್ಟು ಕಡಿತ ಕೊಡಿ, ತೊಂದರೆಯಿಲ್ಲ. ದೊಡ್ಡವನು ಅನ್ನುವ ಭಯಕ್ಕೆ ಕೊಡಬೇಡಿ. ಹುಸಿ ದಲ್ಲಾಳಿ ಕಮಿಷನ್ನಂತೂ ಪೂರ್ತಿ ನಿಷೇಧ. ನಾನು ಆಗ ಹೇಳಿದ ಎರಡು ಥರದ ಉಳಿತಾಯ ಇದೆಯಲ್ಲ, ಅದರ ನಡುವೆ ಗೆರೆ ಎಳೆದ ಕಾಯ್ದೆ ಇದು.

ಮುಂದೆ ಏನಾಯಿತು? ಕಾಯ್ದೆ ಪುಸ್ತಕದಲ್ಲಿ ಉಳಿಯಿತು. ಜಾರಿ ಮಾಡುವವರು ಕೈಬಿಟ್ಟರು. 1970ರ ದಶಕದ ಕೊನೆಯಿಂದ ಅಮೆರಿಕದಲ್ಲಿ ಬೇರೆ ಆಲೋಚನೆ ಗಟ್ಟಿಯಾಯಿತು. ಗಿರಾಕಿಗೆ ಬೆಲೆ ಏರದಿದ್ದರೆ ಸಾಕು, ಕೊಡುವವರ ನಡುವೆ ಏನಾದರೂ ಆಗಲಿ ಅನ್ನುವ ವಾದ ಅದು. ಅಲ್ಲಿ ಪೈಪೋಟಿ ಕಾನೂನು ಜಾರಿ ಮಾಡುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2000ದಲ್ಲಿ ಒಂದು ಮಸಾಲೆ ಕಂಪನಿಯ ಮೇಲಿನ ಪ್ರಕರಣ ಮುಗಿಸಿದ ಮೇಲೆ ಈ ಕಾಯ್ದೆಯಡಿ ಹೊಸ ಪ್ರಕರಣ ಹಾಕಲು 2024ರ ಡಿಸೆಂಬರ್ ತನಕ ಕಾಯಬೇಕಾಯಿತು. ಇಪ್ಪತ್ತನಾಲ್ಕು ವರ್ಷ ಕಾನೂನು ಇದ್ದೂ ಇಲ್ಲದ ಹಾಗೆ. 2025ರ ಜನವರಿಯಲ್ಲಿ ಪೆಪ್ಸಿಕೋ ಮೇಲೆ ಇನ್ನೊಂದು ಪ್ರಕರಣ ಬಂತು. ಒಬ್ಬ ದೊಡ್ಡ ಚಿಲ್ಲರೆ ವ್ಯಾಪಾರಿಗೆ ಪ್ರಚಾರದ ಹೆಸರಿನಲ್ಲಿ ಉಳಿದವರಿಗೆ ಸಿಗದ ಅನುಕೂಲ ಕೊಟ್ಟಿದೆ ಅನ್ನುವುದು ಆರೋಪ. ಅಷ್ಟರಲ್ಲಿ ಕಮಿಷನ್ನಿನ ಮುಖ್ಯಸ್ಥರು ಬದಲಾದರು. ಮೇ ತಿಂಗಳಲ್ಲಿ ಆ ಪ್ರಕರಣ ಕೈಬಿಟ್ಟರು. 1935ರ ಆರೋಪವನ್ನೂ 2025ರ ಆರೋಪವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಂಪನಿಗಳ ಹೆಸರು ಬಿಟ್ಟರೆ ಬೇರೆ ಏನು ಬದಲಾಗಿದೆ?

ಇನ್ನು ಬಿಲ್ಲಿನ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಣ್ಣ ತಯಾರಕರ ಜೊತೆ ಕೂತು ಮಾತಾಡಿದರೆ ಬೆಲೆಗಿಂತ ಹೆಚ್ಚು ಹೊತ್ತು ಅವರು ಮಾತಾಡುವುದು "ಪೇಮೆಂಟ್" ಬಗ್ಗೆಯೇ.

ಒಬ್ಬ ಸಣ್ಣ ತಯಾರಕರು ದೊಡ್ಡ ಸರಣಿಗೆ ನೂರರ ಬೆಲೆಯ ಸರಕು ಕಳಿಸಿದರು ಅಂತ ಇಟ್ಟುಕೊಳ್ಳಿ. ಲೆಕ್ಕಕ್ಕೆ ಸುಲಭವಾಗಲಿ ಅಂತ ನೂರು. ಅವರ ಕೈಯಲ್ಲಿರುವ ಬಿಲ್ಲಿನಲ್ಲೂ ನೂರು ಅಂತಲೇ ಇದೆ. ಆದರೆ ದುಡ್ಡು ಬರುವ ಹೊತ್ತಿಗೆ ಜೊತೆಗೆ ಒಂದು ಕಡಿತದ ಪಟ್ಟಿ ಬರುತ್ತದೆ. ಹೊಸ ಸರಕನ್ನು ಕಪಾಟಿಗೆ ಹತ್ತಿಸಿದ್ದಕ್ಕೆ ಇಷ್ಟು. ಕಣ್ಣಿನ ಎತ್ತರದ ಸಾಲಿನಲ್ಲಿ ಇಟ್ಟಿದ್ದಕ್ಕೆ ಇಷ್ಟು. ಹಬ್ಬದ ಆಫರ್‌ಗೆ ನಿಮ್ಮ ಪಾಲು ಇಷ್ಟು. ಸಾಗಣೆಯಲ್ಲಿ ಹಾಳಾಗಿದ್ದು ಇಷ್ಟು, ಯಾರ ಕೈಯಲ್ಲಿ ಹಾಳಾಯಿತೋ ಗೊತ್ತಿಲ್ಲ. ಲಾರಿ ಗೇಟಿಗೆ ತಡವಾಗಿ ಬಂದಿದ್ದಕ್ಕೆ ದಂಡ ಇಷ್ಟು. ಮಾರಾಟವಾಗದೆ ಉಳಿದದ್ದು ವಾಪಸ್, ಅದೂ ನಿಮ್ಮ ಖರ್ಚಿನಲ್ಲೇ. ಒಂದೊಂದೂ ಎರಡು, ಮೂರು, ಅಷ್ಟೇ. ಒಟ್ಟು ಮಾಡಿದರೆ ತಯಾರಕರ ಲಾಭ ಪೂರ್ತಿ ಅದರಲ್ಲೇ ಹೋಗಿರುತ್ತದೆ. ಯಾವುದಾದರೂ ಒಂದು ಕಡಿತ ತಪ್ಪು ಅನ್ನಿಸಿದರೆ ಅದನ್ನು ತೋರಿಸಿಕೊಡುವ ಕೆಲಸವೂ ಅವರದೇ. ಅದಕ್ಕೊಬ್ಬ ಗುಮಾಸ್ತನನ್ನು ಇಟ್ಟುಕೊಳ್ಳಬೇಕು. ಸಣ್ಣವರು ಎಲ್ಲಿಂದ ಇಟ್ಟುಕೊಳ್ಳುತ್ತಾರೆ?

ಇದು ಮೊತ್ತದ ಮಾತಾಯಿತು. ಇನ್ನು ದಿನಗಳ ಲೆಕ್ಕ. ಸರಕು ಹೋದ ಮೂರು ವಾರದಲ್ಲಿ ಗಿರಾಕಿ ದುಡ್ಡು ಕೊಟ್ಟು ಅದನ್ನು ಮನೆಗೆ ಒಯ್ದಿರುತ್ತಾನೆ. ಗಲ್ಲಾಪೆಟ್ಟಿಗೆಗೆ ದುಡ್ಡು ಬಂದಾಗಿದೆ. ತಯಾರಕರಿಗೆ ಬರುವುದು ಅರವತ್ತು ದಿನಕ್ಕೆ, ತೊಂಬತ್ತು ದಿನಕ್ಕೆ, ಕೆಲವೊಮ್ಮೆ ಇನ್ನೂ ತಡವಾಗಿ. ನಡುವಿನ ದಿನಗಳಲ್ಲಿ ಆ ದುಡ್ಡು ದೊಡ್ಡ ಕಂಪನಿಯ ಬಳಿ ಇರುತ್ತದೆ. ಅದರಿಂದ ಹೊಸ ಮಳಿಗೆ ಕಟ್ಟಬಹುದು, ಬೆಲೆ ಇಳಿಸಬಹುದು. ಇತ್ತ ಸಣ್ಣ ತಯಾರಕರು ತಿಂಗಳ ಕೊನೆಗೆ ಸಂಬಳ ಕೊಡಲು ಬ್ಯಾಂಕಿನಲ್ಲಿ ಬಡ್ಡಿಗೆ ಸಾಲ ಎತ್ತುತ್ತಾರೆ. ಅಂದರೆ ಸಣ್ಣವರು ದೊಡ್ಡವರಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದಾರೆ, ಅದೂ ತಾವು ಬಡ್ಡಿಗೆ ತಂದ ದುಡ್ಡಿನಲ್ಲಿ. ಆರ್ಡರ್ ಕೈತುಂಬ ಇದ್ದೂ ಉದ್ದಿಮೆ ಮುಚ್ಚುವುದು ಹೀಗೆ. ನಷ್ಟಕ್ಕಿಂತ ಮೊದಲು ಅದನ್ನು ಕೊಲ್ಲುವುದು ಕೈಯಲ್ಲಿ ನಗದು ಇಲ್ಲದಿರುವುದು.

ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಅನ್ನಿಸಿದರೆ ಬ್ರಿಟನ್ನಿನ ಒಂದು ದಾಖಲೆ ಇದೆ. ಅಲ್ಲಿ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಪೂರೈಕೆದಾರರ ಜೊತೆ ಹೇಗೆ ನಡೆದುಕೊಳ್ಳಬೇಕು ಅನ್ನುವುದಕ್ಕೆ 2010ರಿಂದ ಕಡ್ಡಾಯ ಸಂಹಿತೆ ಇದೆ. ಅದನ್ನು ಕಾಯಲು 2013ರಲ್ಲಿ ಒಬ್ಬ ತೀರ್ಪುಗಾರರ ಹುದ್ದೆಯನ್ನು ಕಾನೂನಿನ ಮೂಲಕ ಹುಟ್ಟುಹಾಕಿದರು. ಆ ಕಚೇರಿ 2016ರ ಜನವರಿಯಲ್ಲಿ ಟೆಸ್ಕೋ ಅನ್ನುವ ಸೂಪರ್‌ಮಾರ್ಕೆಟ್ ಸರಣಿಯ ಬಗ್ಗೆ ವರದಿ ಕೊಟ್ಟಿತು. ತನ್ನ ಹಣಕಾಸಿನ ಸ್ಥಿತಿ ಚೆನ್ನಾಗಿ ಕಾಣಲಿ ಅಂತ ಕಂಪನಿ ಗೊತ್ತಿದ್ದೇ ಪೂರೈಕೆದಾರರ ದುಡ್ಡನ್ನು ತಡಮಾಡಿತ್ತು ಅನ್ನುವುದು ವರದಿಯ ಮಾತು. ಒಬ್ಬ ಪೂರೈಕೆದಾರರಿಗೆ ಬರಬೇಕಿದ್ದ ಹತ್ತಾರು ಲಕ್ಷ ಪೌಂಡ್ ವಾಪಸ್ ಸಿಗಲು ವರ್ಷಕ್ಕಿಂತ ಹೆಚ್ಚು ಹಿಡಿದಿತ್ತು. ದಂಡ ಹಾಕುವ ಅಧಿಕಾರ ಆ ಕಚೇರಿಗೆ ಸಿಕ್ಕಿದ್ದು 2015ರಲ್ಲಿ. ಈ ತಪ್ಪುಗಳು ಅದಕ್ಕೂ ಮೊದಲಿನವು. ಹಾಗಾಗಿ ದಂಡ ಬೀಳಲಿಲ್ಲ. ಆದರೂ ಆ ವರದಿ ಹೊರಬಂದದ್ದೇ ದೊಡ್ಡ ಕೆಲಸ ಅಂತ ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಪೂರೈಕೆದಾರರು ಪಿಸುಮಾತಿನಲ್ಲಿ ಹೇಳುತ್ತಿದ್ದುದು ಸರ್ಕಾರಿ ಕಾಗದದ ಮೇಲೆ ಬಂತು.

ಯುರೋಪಿಯನ್ ಒಕ್ಕೂಟ 2019ರಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಬೇಗ ಕೆಡುವ ಆಹಾರ ಪದಾರ್ಥಕ್ಕೆ 30 ದಿನದಲ್ಲಿ, ಉಳಿದ ಕೃಷಿ ಮತ್ತು ಆಹಾರ ಸರಕಿಗೆ 60 ದಿನದಲ್ಲಿ ದುಡ್ಡು ಕೊಡಬೇಕು. ಕೆಡುವ ಸರಕಿನ ಆರ್ಡರನ್ನು ಕೊನೇ ಗಳಿಗೆಯಲ್ಲಿ ರದ್ದು ಮಾಡುವ ಹಾಗಿಲ್ಲ. ಭಾರತದ 2006ರ ಕಾಯ್ದೆಯೂ ಕಾಗದದ ಮೇಲೆ ಬಿಗಿಯಾಗಿಯೇ ಇದೆ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಈ ಹಕ್ಕು ಚಲಾಯಿಸಬೇಕಾದರೆ ಸಣ್ಣವರು ತಮ್ಮ ಅತಿ ದೊಡ್ಡ ಗಿರಾಕಿಯ ಮೇಲೆ ದೂರು ಕೊಡಬೇಕು. ಕೊಟ್ಟ ಮೇಲೆ ಮುಂದಿನ ಆರ್ಡರ್ ಬರುತ್ತದಾ? ಆ ಹೆದರಿಕೆಯೇ ಎಲ್ಲ ದೇಶದಲ್ಲೂ ಈ ಕಾನೂನುಗಳನ್ನು ಮೊಂಡು ಮಾಡುತ್ತದೆ. ದೂರು ಕೊಟ್ಟವರ ಹೆಸರು ಗುಟ್ಟಾಗಿಡುವ, ಯಾರೂ ದೂರು ಕೊಡದಿದ್ದರೂ ತಾನೇ ಲೆಕ್ಕ ತೆಗೆಸಿ ನೋಡುವ ಕಚೇರಿ ಇಲ್ಲದೆ ಬರೀ ಬಡ್ಡಿ ದರ ಬರೆದಿಟ್ಟು ಪ್ರಯೋಜನವಿಲ್ಲ.

ಈಗ ಆನ್‌ಲೈನ್ ಮಾರುಕಟ್ಟೆಗೆ ಬರೋಣ. ಇಲ್ಲಿ ಪರಿಸ್ಥಿತಿ ಇನ್ನೂ ವಿಚಿತ್ರ. ಸಣ್ಣ ವ್ಯಾಪಾರಿಗೆ ಪೈಪೋಟಿ ಕೊಡುವವನೂ ಅವನಿಗೆ ಮಳಿಗೆ ಬಾಡಿಗೆಗೆ ಕೊಟ್ಟವನೂ ಒಬ್ಬನೇ. ಅಮೆಜಾನ್ ಬೇರೆ ವ್ಯಾಪಾರಿಗಳಿಗೆ ತನ್ನ ತಾಣ ತೆರೆದದ್ದು 2000ದಲ್ಲಿ. ಇವತ್ತು ಅಲ್ಲಿ ಮಾರಾಟವಾಗುವ ವಸ್ತುಗಳಲ್ಲಿ ಸುಮಾರು 60 ಪ್ರತಿಶತ ಆ ವ್ಯಾಪಾರಿಗಳದು. ಇದನ್ನು ಸಣ್ಣವರ ಏಳಿಗೆ ಅಂತ ತೋರಿಸುವವರಿದ್ದಾರೆ. ಅದರಲ್ಲಿ ಸತ್ಯವೂ ಇದೆ. ಮನೆಯಲ್ಲಿ ಕೂತು ದೇಶಕ್ಕೆಲ್ಲ ಮಾರುವ ಅವಕಾಶ ಮೊದಲು ಎಷ್ಟು ಜನರಿಗಿತ್ತು ಹೇಳಿ?

ಆದರೆ ಒಂದು ಬಟನ್ ನೋಡೋಣ. ಒಂದು ವಸ್ತುವಿನ ಪುಟ ತೆರೆದರೆ "ಕಾರ್ಟ್‌ಗೆ ಸೇರಿಸಿ" ಅಂತ ಬಟನ್ ಇರುತ್ತದಲ್ವಾ? ಅದೇ ವಸ್ತುವನ್ನು ಹತ್ತು ಜನ ಮಾರುತ್ತಿರಬಹುದು. ಬಟನ್ ಒತ್ತಿದರೆ ಆರ್ಡರ್ ಹೋಗುವುದು ಅವರಲ್ಲಿ ಒಬ್ಬರಿಗೆ. ಉಳಿದವರು ಕೆಳಗೆಲ್ಲೋ "ಇತರ ಮಾರಾಟಗಾರರು" ಅನ್ನುವ ಸಾಲಿನಲ್ಲಿ ಇರುತ್ತಾರೆ. ಅಲ್ಲಿಗೆ ಹೋಗಿ ನೋಡುವವರು ಬಹಳ ಕಡಿಮೆ. ಆ ಬಟನ್ ಯಾರಿಗೆ ಅಂತ ತೀರ್ಮಾನಿಸುವುದು ಕಂಪನಿಯ ಅಲ್ಗಾರಿದಮ್. ಕಂಪನಿಯ ಗೋದಾಮು, ಕಂಪನಿಯ ಡೆಲಿವರಿ ಬಳಸುವವರಿಗೆ ಬಟನ್ ಸಿಗುವ ಸಾಧ್ಯತೆ ಜಾಸ್ತಿ ಅನ್ನುವುದು ಮಾರಾಟಗಾರರ ಹಳೆಯ ದೂರು. ಹಾಗಾಗಿ ಕಮಿಷನ್ ಮೇಲೆ ಗೋದಾಮಿನ ಬಾಡಿಗೆ, ಅದರ ಮೇಲೆ ಡೆಲಿವರಿ ಖರ್ಚು, ಹುಡುಕಿದಾಗ ಮೇಲೆ ಕಾಣಿಸಲು ಜಾಹೀರಾತಿನ ಖರ್ಚು. ಇಷ್ಟೆಲ್ಲ ಕೊಟ್ಟ ಮೇಲೂ ಗಿರಾಕಿ ಯಾರು, ಅವರ ವಿಳಾಸ ಏನು, ಮತ್ತೆ ಅವರನ್ನು ಹೇಗೆ ಮುಟ್ಟುವುದು ಅನ್ನುವುದು ವ್ಯಾಪಾರಿಗೆ ಸರಿಯಾಗಿ ಸಿಗುವುದಿಲ್ಲ. ಯಾವ ವಸ್ತು ಎಷ್ಟು ಓಡುತ್ತಿದೆ ಅನ್ನುವ ಎಲ್ಲರ ಮಾಹಿತಿಯೂ ತಾಣದ ಒಡೆಯನಿಗೆ ಮಾತ್ರ ಕಾಣುತ್ತದೆ.

ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ ತನಿಖೆ ಮಾಡಿದ್ದು ಇದನ್ನೇ. 2022ರ ಡಿಸೆಂಬರಿನಲ್ಲಿ ಅಮೆಜಾನ್ ಅಲ್ಲಿ ಕಾನೂನಿಗೆ ಬದ್ಧವಾದ ಮಾತು ಕೊಟ್ಟಿತು. ಮಾರಾಟಗಾರರ ಗುಟ್ಟಿನ ಮಾಹಿತಿಯನ್ನು ತನ್ನ ಸ್ವಂತ ಚಿಲ್ಲರೆ ವ್ಯಾಪಾರಕ್ಕೆ ಬಳಸುವುದಿಲ್ಲ, ಬಟನ್ ಕೊಡುವಾಗ ಎಲ್ಲ ಮಾರಾಟಗಾರರನ್ನೂ ಒಂದೇ ಥರ ನೋಡುತ್ತದೆ, ಬೆಲೆಯಲ್ಲೋ ಡೆಲಿವರಿಯಲ್ಲೋ ಸಾಕಷ್ಟು ಬೇರೆಯಾದ ಎರಡನೇ ಆಯ್ಕೆಯನ್ನೂ ಎದ್ದುಕಾಣುವ ಹಾಗೆ ತೋರಿಸುತ್ತದೆ. ಅಮೆರಿಕದ ಟ್ರೇಡ್ ಕಮಿಷನ್ 17 ರಾಜ್ಯಗಳ ಜೊತೆ ಸೇರಿ 2023ರ ಸೆಪ್ಟೆಂಬರಿನಲ್ಲಿ ಹಾಕಿದ ದಾವೆಯಲ್ಲಿ ಇನ್ನೊಂದು ಆರೋಪ ಇದೆ. ಬೇರೆ ಕಡೆ ಕಡಿಮೆ ಬೆಲೆಗೆ ಮಾರಿದ ವ್ಯಾಪಾರಿಗೆ ಇಲ್ಲಿ ಶಿಕ್ಷೆಯಾಗುತ್ತದೆ, ಅವನ ಸರಕು ಕಾಣದ ಹಾಗೆ ಕೆಳಗೆ ಹೋಗುತ್ತದೆ ಅನ್ನುವುದು. ಕಂಪನಿ ಇದನ್ನು ಒಪ್ಪುವುದಿಲ್ಲ. ಆರೋಪ ನಿಜವಾದರೆ ಅದರ ಅರ್ಥ ಏನು ಯೋಚಿಸಿ. ಇಲ್ಲಿನ ಕಮಿಷನ್ ಏರಿದಾಗ ವ್ಯಾಪಾರಿ ತನ್ನ ಸ್ವಂತ ತಾಣದಲ್ಲೂ ಬೆಲೆ ಏರಿಸಬೇಕಾಗುತ್ತದೆ. ಆ ಮಾರುಕಟ್ಟೆಗೆ ಕಾಲೇ ಇಡದ ಗಿರಾಕಿಯೂ ಅದರ ಕಮಿಷನ್ ಕಟ್ಟುತ್ತಾನೆ.

ನಷ್ಟ ತಡೆದುಕೊಳ್ಳುವ ಶಕ್ತಿಯ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಮಗುವಿನ ಡಯಾಪರ್ ಮಾರುವ ಡಯಾಪರ್ಸ್ ಡಾಟ್ ಕಾಮ್ ಅಂತ ಅಮೆರಿಕದಲ್ಲಿ ಒಂದು ತಾಣ ಇತ್ತು. ತೀರಾ ಸಣ್ಣದೇನೂ ಅಲ್ಲ, ಹೂಡಿಕೆದಾರರ ದುಡ್ಡು ಇದ್ದ ಕಂಪನಿ. ಅಮೆಜಾನ್ ಡಯಾಪರ್ ಬೆಲೆಯನ್ನು ತೀವ್ರವಾಗಿ ಇಳಿಸಿತು. 2010ರಲ್ಲಿ ಆ ಕಂಪನಿ ಅಮೆಜಾನ್‌ಗೇ ಮಾರಿಕೊಂಡಿತು. 2017ರಲ್ಲಿ ಅಮೆಜಾನ್ ಅದನ್ನು ಮುಚ್ಚಿತು. 2020ರ ಜುಲೈನಲ್ಲಿ ಅಮೆರಿಕದ ಸಂಸತ್ ಸಮಿತಿಯ ವಿಚಾರಣೆಯಲ್ಲಿ ಒಬ್ಬ ಸಂಸದೆ ಕಂಪನಿಯ ಒಳಗಿನ ದಾಖಲೆಗಳನ್ನು ಇಟ್ಟುಕೊಂಡು, ಒಂದೇ ತಿಂಗಳಲ್ಲಿ 20 ಕೋಟಿ ಡಾಲರ್ ನಷ್ಟಕ್ಕೂ ನೀವು ತಯಾರಿದ್ದಿರಿ ಅಂತ ಪ್ರಶ್ನಿಸಿದರು. ಹೂಡಿಕೆದಾರರ ಬೆಂಬಲ ಇದ್ದವರಿಗೇ ಇದನ್ನು ತಡೆಯಲಾಗಲಿಲ್ಲ. ಸ್ವಂತ ಉಳಿತಾಯ ಹಾಕಿ ಕೂತವರು ಎಷ್ಟು ವಾರ ತಡೆದಾರು?

ಇಂಥ ಬೆಲೆ ಯುದ್ಧವನ್ನು ಅಮೆರಿಕದಲ್ಲಿ ತಪ್ಪು ಅಂತ ಸಾಬೀತು ಮಾಡುವುದು ತುಂಬ ಕಷ್ಟ. ಅಲ್ಲಿನ ಸುಪ್ರೀಂ ಕೋರ್ಟ್ 1993ರ ಬ್ರೂಕ್ ಗ್ರೂಪ್ ತೀರ್ಪಿನಲ್ಲಿ ಎರಡು ಷರತ್ತು ಇಟ್ಟಿತು. ಬೆಲೆ ಅಸಲಿಗಿಂತ ಕಡಿಮೆ ಇತ್ತು ಅಂತ ತೋರಿಸಬೇಕು. ಆ ನಷ್ಟವನ್ನು ಮುಂದೆ ವಸೂಲಿ ಮಾಡುವ ಸಾಧ್ಯತೆ ಇತ್ತು ಅಂತಲೂ ತೋರಿಸಬೇಕು. ಯುರೋಪಿನ ನ್ಯಾಯಾಲಯ 1991ರ ಅಕ್ಜೋ ತೀರ್ಪಿನಲ್ಲಿ ಹಿಡಿದ ದಾರಿ ಬೇರೆ. ಮಾರುಕಟ್ಟೆಯಲ್ಲಿ ಪ್ರಾಬಲ್ಯ ಇರುವ ಕಂಪನಿ ಒಂದು ಮಟ್ಟಕ್ಕಿಂತ ಕೆಳಗೆ ಬೆಲೆ ಇಳಿಸಿದರೆ ಅದು ಪೈಪೋಟಿದಾರನನ್ನು ಮುಗಿಸಲೆಂದೇ ಅಂತ ಭಾವಿಸಬಹುದು. ಜರ್ಮನಿ ಇನ್ನೂ ನೇರ. 2000ದ ಸೆಪ್ಟೆಂಬರಿನಲ್ಲಿ ಅಲ್ಲಿ ಪೈಪೋಟಿ ಕಾನೂನು ಕಾಯುವ ಕಾರ್ಟೆಲ್ ಕಚೇರಿ ವಾಲ್‌ಮಾರ್ಟ್, ಆಲ್ಡಿ, ಲಿಡ್ಲ್ ಅನ್ನುವ ಮೂರು ಸರಣಿಗಳಿಗೂ, ಹಾಲು ಸಕ್ಕರೆಯಂಥ ದಿನಬಳಕೆಯ ಸರಕನ್ನು ಅಸಲಿಗಿಂತ ಕಡಿಮೆ ಬೆಲೆಗೆ ಮಾರುವುದನ್ನು ನಿಲ್ಲಿಸಿ ಅಂತ ಆದೇಶ ಕೊಟ್ಟಿತು. ಆ ಆದೇಶಕ್ಕೆ ಕೊಟ್ಟ ಕಾರಣವೇ ಸಣ್ಣ ಮತ್ತು ಮಧ್ಯಮ ವ್ಯಾಪಾರಿಗಳ ಉಳಿವು.

ನಿಯಮ ಬದಲಾದರೆ ಫಲ ಬದಲಾಗುತ್ತದೆ ಅಂದೆನಲ್ಲ, ಅದಕ್ಕೆ ನನಗೆ ಗೊತ್ತಿರುವ ಅತಿ ಸ್ಪಷ್ಟ ಉದಾಹರಣೆ ಪುಸ್ತಕದ ಅಂಗಡಿಗಳು. ಬ್ರಿಟನ್ನಿನಲ್ಲಿ 1900ರಿಂದ ಒಂದು ಒಪ್ಪಂದ ಇತ್ತು. ಪ್ರಕಾಶಕರು ಹಾಕಿದ ಬೆಲೆಗೇ ಎಲ್ಲರೂ ಪುಸ್ತಕ ಮಾರಬೇಕು. 1995ರಲ್ಲಿ ಅದು ಕುಸಿಯಿತು. 1997ರಲ್ಲಿ ನ್ಯಾಯಾಲಯ ಅದನ್ನು ಅಕ್ರಮ ಅಂತಲೇ ಹೇಳಿತು. ಸೂಪರ್‌ಮಾರ್ಕೆಟ್‌ಗಳು ಚೆನ್ನಾಗಿ ಓಡುವ ಪುಸ್ತಕಗಳನ್ನಷ್ಟೇ ಆರಿಸಿ ಭಾರಿ ರಿಯಾಯಿತಿಗೆ ಮಾರಿದವು. ಸಣ್ಣ ಪುಸ್ತಕದಂಗಡಿಯ ಹೊಟ್ಟೆ ತುಂಬಿಸುತ್ತಿದ್ದುದೂ ಅವೇ ಪುಸ್ತಕಗಳು. 1995ರಲ್ಲಿ 1,894 ಇದ್ದ ಸ್ವತಂತ್ರ ಪುಸ್ತಕದಂಗಡಿಗಳು 2016ರ ಹೊತ್ತಿಗೆ 867ಕ್ಕೆ ಇಳಿದವು. ಆಮೇಲೆ ಸ್ವಲ್ಪ ಚೇತರಿಸಿಕೊಂಡು 2022ರಲ್ಲಿ ಸಾವಿರ ದಾಟಿದವು.

ಫ್ರಾನ್ಸ್ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. 1981ರ ಆಗಸ್ಟ್‌ನಲ್ಲಿ ಸಂಸ್ಕೃತಿ ಸಚಿವ ಜಾಕ್ ಲ್ಯಾಂಗ್ ತಂದ ಕಾಯ್ದೆಯ ಪ್ರಕಾರ ಹೊಸ ಪುಸ್ತಕದ ಮೇಲೆ ಯಾರೇ ಆಗಲಿ 5 ಪ್ರತಿಶತಕ್ಕಿಂತ ಹೆಚ್ಚು ರಿಯಾಯಿತಿ ಕೊಡುವ ಹಾಗಿಲ್ಲ. ಆನ್‌ಲೈನ್ ಬಂದಾಗ ಉಚಿತ ಡೆಲಿವರಿಯ ಮೂಲಕ ಅದೇ ರಿಯಾಯಿತಿ ಹಿಂಬಾಗಿಲಿನಿಂದ ಬಂತು. 2014ರಲ್ಲಿ ಫ್ರಾನ್ಸ್ ಅದನ್ನು ತಡೆಯಿತು. ಆಗ ಆನ್‌ಲೈನ್ ಮಾರಾಟಗಾರರು ಡೆಲಿವರಿ ಶುಲ್ಕ ಒಂದು ಸೆಂಟ್ ಅಂತ ಮಾಡಿದರು. ಫ್ರಾನ್ಸ್ ಮತ್ತೆ ಕಾನೂನು ತಿದ್ದಿತು. 2023ರ ಅಕ್ಟೋಬರಿನಿಂದ 35 ಯೂರೋಗಿಂತ ಕಡಿಮೆ ಮೊತ್ತದ ಪುಸ್ತಕ ಖರೀದಿಗೆ ಕನಿಷ್ಠ 3 ಯೂರೋ ಡೆಲಿವರಿ ಶುಲ್ಕ. ಇವತ್ತು ಫ್ರಾನ್ಸಿನಲ್ಲಿ ಸ್ವತಂತ್ರ ಪುಸ್ತಕದಂಗಡಿಗಳು 3,000ಕ್ಕೂ ಹೆಚ್ಚಿವೆ. ಎರಡೂ ದೇಶದ ಜನಸಂಖ್ಯೆ ಹೆಚ್ಚುಕಡಿಮೆ ಒಂದೇ, ಅಮೆಜಾನ್ ಎರಡೂ ಕಡೆ ಇದೆ, ಓದುವ ಜನ ಎರಡೂ ಕಡೆ ಇದ್ದಾರೆ. ವ್ಯತ್ಯಾಸಕ್ಕೆ ಇದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಬಾಡಿಗೆ, ತೆರಿಗೆ, ಸರ್ಕಾರದ ನೆರವು ಎಲ್ಲ ಸೇರುತ್ತವೆ. ಫ್ರಾನ್ಸಿನ ಗಿರಾಕಿ ಹೊಸ ಜನಪ್ರಿಯ ಪುಸ್ತಕಕ್ಕೆ ಸ್ವಲ್ಪ ಜಾಸ್ತಿ ಕೊಡುತ್ತಾನೆ ಅನ್ನುವುದನ್ನೂ ಮುಚ್ಚಿಡಬಾರದು. ಆದರೆ ಒಂದು ಕಾಯ್ದೆಯನ್ನು ಬರೆದು ಮರೆಯದೆ, ತೂತು ಕಂಡಾಗಲೆಲ್ಲ ನಲವತ್ತು ವರ್ಷ ಹೊಲಿಯುತ್ತಾ ಬಂದರಲ್ಲ, ಆ ಹಟ ನನಗೆ ತುಂಬ ಇಷ್ಟ.

ಕಾನೂನಿಗೆ ಕಾಯದೆ ಸಣ್ಣವರೇ ಸೇರಿ ಮಾಡಿದ ಕೆಲಸವೂ ಇದೆ. 1898ರಲ್ಲಿ ಬರ್ಲಿನ್ನಿನ 21 ದಿನಸಿ ವ್ಯಾಪಾರಿಗಳು ಒಟ್ಟಿಗೆ ಸರಕು ಕೊಳ್ಳಲು ಒಂದು ಸಹಕಾರಿ ಮಾಡಿಕೊಂಡರು. ಒಬ್ಬೊಬ್ಬರಾಗಿ ಹೋದರೆ ಸಿಗದ ಸಗಟು ಬೆಲೆ ಒಟ್ಟಿಗೆ ಹೋದರೆ ಸಿಗುತ್ತದೆ ಅನ್ನುವ ಸರಳ ಲೆಕ್ಕ. ಅದೇ ಇವತ್ತಿನ ಎಡೆಕಾ, ಜರ್ಮನಿಯ ಅತಿ ದೊಡ್ಡ ಆಹಾರ ಮಾರಾಟ ಸಮೂಹ. ಅದರ ಸಾವಿರಾರು ಅಂಗಡಿಗಳು ಈಗಲೂ ಸ್ವತಂತ್ರ ವ್ಯಾಪಾರಿಗಳ ಕೈಯಲ್ಲಿವೆ. ಅಮೆರಿಕದಲ್ಲಿ 1924ರಲ್ಲಿ ಚಿಕಾಗೋದ ಹಾರ್ಡ್‌ವೇರ್ ಅಂಗಡಿಯವರು ಸೇರಿ ಕಟ್ಟಿದ ಏಸ್ ಹಾರ್ಡ್‌ವೇರ್ ಕೂಡ ಇವತ್ತು ಅಂಗಡಿಯವರೇ ಒಡೆಯರಾಗಿರುವ ಸಹಕಾರಿ. ಅಂಗಡಿ ಬೇರೆ ಬೇರೆ, ಖರೀದಿ ಒಂದು.

ಎಡೆಕಾ ಕಥೆಯಲ್ಲಿ ಇನ್ನೊಂದು ತಿರುವಿದೆ, ಅದನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಬೆಳೆದು ದೊಡ್ಡದಾದ ಮೇಲೆ ಅದು ಇನ್ನೊಂದು ಸರಣಿಯ ಅಂಗಡಿಗಳನ್ನು ಕೊಂಡಿತು. ಕೊಂಡ ಖುಷಿಗೆ ಅಂತ ಪೂರೈಕೆದಾರರ ಹತ್ತಿರ ವಿಶೇಷ ಕಡಿತ ಕೇಳಿತು. ಜರ್ಮನಿಯಲ್ಲಿ ಅದಕ್ಕೆ "ಮದುವೆ ರಿಯಾಯಿತಿ" ಅಂತಲೇ ಹೆಸರು ಬಿತ್ತು. 2014ರಲ್ಲಿ ಕಾರ್ಟೆಲ್ ಕಚೇರಿ ಅದನ್ನು ಅಧಿಕಾರದ ದುರ್ಬಳಕೆ ಅಂದಿತು, 2018ರಲ್ಲಿ ಅತ್ಯುನ್ನತ ನ್ಯಾಯಾಲಯ ಆ ಮಾತನ್ನು ಎತ್ತಿಹಿಡಿಯಿತು. ಅಂದರೆ ಸಣ್ಣವರು ಒಳ್ಳೆಯವರು, ದೊಡ್ಡವರು ಕೆಟ್ಟವರು ಅನ್ನುವ ಕಥೆ ಇದಲ್ಲ. ಬೇಡ ಅನ್ನುವ ಶಕ್ತಿ ಎದುರಿಗಿರುವವನಿಗೆ ಇಲ್ಲದಿದ್ದಾಗ ಯಾರಾದರೂ ಹೀಗೆಯೇ ನಡೆದುಕೊಳ್ಳಬಹುದು. ಅದಕ್ಕೇ ನಾನು ಒಳ್ಳೆಯ ಮನಸ್ಸಿಗಿಂತ ಒಳ್ಳೆಯ ನಿಯಮವನ್ನು ಹೆಚ್ಚು ನಂಬುತ್ತೇನೆ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: "ನಾವೆಲ್ಲ ಸಣ್ಣ ಅಂಗಡಿಯಲ್ಲೇ ಕೊಂಡರೆ ಸಾಲದಾ?"

ಕೊಳ್ಳಿ, ಖಂಡಿತ ಕೊಳ್ಳಿ. ಆದರೆ ತಿಂಗಳ ಖರ್ಚಿಗೆ ಲೆಕ್ಕ ಹಾಕುವ ಮನೆಯವರ ಮೇಲೆ ಈ ಭಾರ ಹೊರಿಸುವುದು ಸರಿಯಲ್ಲ. ದೊಡ್ಡ ಕಂಪನಿ ಹಿಂಬದಿಯಲ್ಲಿ ಪಡೆದ ಕಡಿತದ ವ್ಯತ್ಯಾಸವನ್ನು ಗಿರಾಕಿ ತನ್ನ ಜೇಬಿನಿಂದ ತುಂಬಿಕೊಡಬೇಕು ಅಂದ ಹಾಗಾಗುತ್ತದೆ ಅದು. ಕೊಳ್ಳುವವರಾಗಿ ನಾವು ಮಾಡುವುದಕ್ಕಿಂತ ಮತದಾರರಾಗಿ ಕೇಳಬೇಕಾದ್ದು ಹೆಚ್ಚಿದೆ. ಬಿಲ್ ಪಾವತಿಯ ಕಾನೂನು ಇದೆಯಾ, ಅದನ್ನು ಜಾರಿ ಮಾಡಲು ಕಚೇರಿ, ಸಿಬ್ಬಂದಿ ಇದ್ದಾರಾ, ಕಳೆದ ವರ್ಷ ಎಷ್ಟು ಪ್ರಕರಣ ಮುಗಿಸಿದರು ಅಂತ ನಮ್ಮ ಪ್ರತಿನಿಧಿಗಳನ್ನು ಕೇಳಬೇಕು. ಇಂಥ ಪ್ರಶ್ನೆ ಅವರಿಗೆ ಬರುವುದೇ ಇಲ್ಲ, ಹಾಗಾಗಿ ಉತ್ತರವೂ ತಯಾರಿರುವುದಿಲ್ಲ.

ಇನ್ನೊಬ್ಬರು ಸ್ವತಃ ಸಣ್ಣ ಉದ್ದಿಮೆ ನಡೆಸುವವರು. "ಕಾನೂನು ಬರೋ ತನಕ ನಾನು ಏನು ಮಾಡಲಿ?" ಅಂದರು.

ಒಬ್ಬನೇ ಖರೀದಿದಾರನ ಪಾಲು ನಿಮ್ಮ ವಹಿವಾಟಿನಲ್ಲಿ ಅವನನ್ನು ಕಳೆದುಕೊಂಡರೆ ಬಾಗಿಲು ಹಾಕಬೇಕು ಅನ್ನುವಷ್ಟು ಬೆಳೆಯಲು ಬಿಡಬೇಡಿ. ಆ ಆರ್ಡರ್ ಎಷ್ಟೇ ಆಸೆ ಹುಟ್ಟಿಸಲಿ. ಸಹಿ ಹಾಕುವ ಮೊದಲು ಬೆಲೆಯ ಸಾಲಿಗಿಂತ ಕಡಿತದ ಸಾಲುಗಳನ್ನು, ರಿಟರ್ನ್ಸ್ ಷರತ್ತನ್ನು, ದುಡ್ಡು ಕೊಡುವ ದಿನವನ್ನು ಓದಿ. ದಿನ ಎಣಿಕೆ ಶುರುವಾಗುವುದು ಸರಕು ತಲುಪಿದ ದಿನದಿಂದಲೋ ಅವರು ಬಿಲ್ ಒಪ್ಪಿದ ದಿನದಿಂದಲೋ ಅನ್ನುವುದನ್ನು ಕೇಳಿ ಬರೆಸಿಕೊಳ್ಳಿ, ಎಷ್ಟೋ ಸಲ ಜಗಳ ಹುಟ್ಟುವುದೇ ಅಲ್ಲಿ. ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುವವರಾದರೆ ನಿಮ್ಮದೇ ಒಂದು ಚಿಕ್ಕ ತಾಣ, ನಿಮ್ಮದೇ ಗಿರಾಕಿಗಳ ಪಟ್ಟಿ ಇಟ್ಟುಕೊಳ್ಳಿ. ಮತ್ತೆ, ನಿಮ್ಮದೇ ಕಸುಬಿನ ಇನ್ನೂ ನಾಲ್ಕು ಜನರ ಜೊತೆ ಕೂತು ಯಾವ ಕಚ್ಚಾವಸ್ತುವನ್ನು ಒಟ್ಟಿಗೆ ಕೊಳ್ಳಬಹುದು ಅಂತ ಪಟ್ಟಿ ಮಾಡಿ. ಆದರೆ ಮಾರುವ ಬೆಲೆಯನ್ನು ಸೇರಿ ನಿಗದಿ ಮಾಡಿಕೊಳ್ಳಬೇಡಿ, ಅದು ಹೆಚ್ಚಿನ ದೇಶಗಳಲ್ಲಿ ಕಾನೂನಿಗೆ ವಿರುದ್ಧ. ಕೊಳ್ಳುವುದನ್ನು ಮಾತ್ರ ಸೇರಿ ಮಾಡಿ. ಪ್ಯಾಕಿಂಗ್ ಡಬ್ಬದಿಂದ ಶುರು ಮಾಡಬಹುದು. ಅದರಲ್ಲಿ ಯಾರ ಗುಟ್ಟೂ ಇರುವುದಿಲ್ಲ, ಎಲ್ಲರಿಗೂ ಬೇಕಾಗುತ್ತದೆ, ಮುಂದಿನ ತಿಂಗಳ ಲೆಕ್ಕದಲ್ಲೇ ವ್ಯತ್ಯಾಸ ಕಾಣುತ್ತದೆ.